ಸರ್ಪಸುತ್ತು: ಮೊದಲ ಮೂರು ದಿನಗಳ ಎಚ್ಚರ



ಮೂರು ತಿಂಗಳ ಹಿಂದೆ ಶ್ರೀಮಠದ ಆವರಣದಲ್ಲಿ ನಡೆದ ಆರೋಗ್ಯ ತಪಾಸಣೆಗೆ ಎಪ್ಪತ್ತೆರಡು ವರುಷದ ಹಿರಿಯರೊಬ್ಬರು ಬಂದಿದ್ದರು. ಅಂಗಿಯ ಬಲಮಗ್ಗುಲನ್ನು ಮೈಗೆ ತಾಕದಂತೆ ಎಡಗೈಯಿಂದ ಎತ್ತಿ ಹಿಡಿದುಕೊಂಡೇ ನಡೆಯುತ್ತಿದ್ದರು. ಅಂಗಿ ತೆಗೆಸಿ ನೋಡಿದರೆ ಹುಣ್ಣಿಲ್ಲ, ಗುಳ್ಳೆಯಿಲ್ಲ. ಬೆನ್ನಿನ ಬಲಭಾಗದಿಂದ ಎದೆಯ ನಡುವಿನವರೆಗೆ ಪಟ್ಟಿಯಂತೆ ಕೆಲವು ಮಾಸಿದ ಕಲೆಗಳಷ್ಟೇ ಇದ್ದವು. ಅದಕ್ಕೂ ಏಳು ತಿಂಗಳ ಹಿಂದೆ ಅವರಿಗೆ ಸರ್ಪಸುತ್ತು ಆಗಿತ್ತು. ಹುಣ್ಣು ಮೂರು ವಾರಗಳಲ್ಲಿ ಒಣಗಿತು. ಉರಿ ಮಾತ್ರ ಹೋಗಲಿಲ್ಲ.

“ಶಿವದಾರ ತಾಕಿದ್ರೂ ಕೆಂಡ ಇಟ್ಟಂಗ ಆಗ್ತದರಿ. ನಾಕು ತಿಂಗಳಾತು, ಬೆಳಗಿನ ಪೂಜಿಗೆ ನೆಟ್ಟಗ ಕೂತಿಲ್ಲ” ಎಂದು ಹೇಳುವಾಗ ಅವರ ಕಣ್ಣು ತುಂಬಿದ್ದವು. ಮೊದಲ ದಿನಗಳಲ್ಲಿ ಏನು ಮಾಡಿದಿರೆಂದು ಕೇಳಿದೆವು. ಒಂಬತ್ತು ದಿನ ಕೆಮ್ಮಣ್ಣು ಹಚ್ಚಿಸಿ, ಮಂತ್ರ ಹಾಕಿಸಿ, ಬಳಿಕ ಆಸ್ಪತ್ರೆಗೆ ಹೋದೆವೆಂದು ಅವರ ಮಗ ತಲೆ ತಗ್ಗಿಸಿ ಉತ್ತರಿಸಿದರು.

ಈ ಒಂಬತ್ತು ದಿನಗಳ ವಿಷಯವನ್ನು ಭಕ್ತರೊಡನೆ ಮಾತನಾಡಬೇಕೆಂಬುದೇ ಈ ಲೇಖನಕ್ಕೆ ಕಾರಣ. ಸರ್ಪಸುತ್ತಿನಲ್ಲಿ ಮೊದಲ ಮೂರು ದಿನಗಳಿಗೆ ಇರುವ ಬೆಲೆ ಮುಂದಿನ ಮೂವತ್ತು ದಿನಗಳಿಗೆ ಇಲ್ಲ.

ರೋಗದ ಮೂಲ

ಸರ್ಪಸುತ್ತಿಗೂ ಸರ್ಪಕ್ಕೂ ಸಂಬಂಧವಿಲ್ಲ. ಗುಳ್ಳೆಗಳು ಹಾವು ಸುತ್ತಿಕೊಂಡಂತೆ ಮೈಮೇಲೆ ಹರಡುವುದರಿಂದ ನಮ್ಮ ಹಿರಿಯರು ಆ ಹೆಸರಿಟ್ಟರು. ಆಧುನಿಕ ವೈದ್ಯರು ಇದನ್ನು ಹರ್ಪಿಸ್ ಝೋಸ್ಟರ್ ಎನ್ನುತ್ತಾರೆ. ಬಾಲ್ಯದಲ್ಲಿ ಬಂದು ಹೋಗುವ ಸೀತಾಳೆ ಸಿಡುಬು, ಅಂದರೆ ಚಿಕನ್ ಪಾಕ್ಸ್, ಯಾವ ವೈರಾಣುವಿನಿಂದ ಉಂಟಾಗುವುದೋ ಅದೇ ವೈರಾಣು ಇದಕ್ಕೂ ಕಾರಣ. ಸಿಡುಬು ವಾಸಿಯಾದ ಮೇಲೆ ಆ ವೈರಾಣು ದೇಹವನ್ನು ಬಿಟ್ಟುಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದಲ್ಲಿಯೂ ತಲೆಯಲ್ಲಿಯೂ ಇರುವ ನರಗಂಟುಗಳಲ್ಲಿ ಸುಪ್ತವಾಗಿ ಅಡಗಿ ಕುಳಿತಿರುತ್ತದೆ. ವಯಸ್ಸಾದಂತೆ ದೇಹದ ರಕ್ಷಣಾಶಕ್ತಿ ಕುಂದಿದಾಗ, ಇಲ್ಲವೆ ಮಧುಮೇಹ, ಕ್ಯಾನ್ಸರ್ ಚಿಕಿತ್ಸೆ, ದೀರ್ಘಕಾಲದ ಸ್ಟೀರಾಯ್ಡ್ ಸೇವನೆ, ಎಚ್‌ಐವಿ ಮುಂತಾದವುಗಳಿಂದ ದೇಹ ಬಳಲಿದಾಗ ಅದು ಎಚ್ಚೆತ್ತು, ಒಂದು ನರದ ಗುಂಟ ಚರ್ಮಕ್ಕೆ ಇಳಿದು ಬರುತ್ತದೆ.

ಈ ಸಂಬಂಧವನ್ನು ತಾಳ್ಮೆಯಿಂದ ಅರಸಿದವರಲ್ಲಿ ಒಬ್ಬರು ಇಂಗ್ಲೆಂಡಿನ ಸಿರೆನ್‌ಸೆಸ್ಟರ್ ಎಂಬ ಊರಿನ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್. ಅವರು ದೊಡ್ಡ ಪ್ರಯೋಗಾಲಯದ ವಿಜ್ಞಾನಿಯಲ್ಲ. ನಮ್ಮ ಊರುಗಳ ವೈದ್ಯರಂತೆಯೇ ಮನೆಮನೆಯ ರೋಗಿಗಳನ್ನು ನೋಡುತ್ತಿದ್ದವರು. ತಮ್ಮಲ್ಲಿಗೆ ಬಂದ ಸರ್ಪಸುತ್ತಿನ ರೋಗಿಗಳ ವಿವರವನ್ನು ವರ್ಷಗಟ್ಟಲೆ ಬರೆದಿಟ್ಟು, ಇದು ಹೊರಗಿನಿಂದ ಹೊಸದಾಗಿ ಅಂಟಿದ ರೋಗವಲ್ಲ, ಒಳಗೆ ಮಲಗಿದ್ದ ಹಳೆಯ ಸಿಡುಬಿನ ವೈರಾಣುವೇ ಮರಳಿ ಏಳುವುದೆಂದು 1965ರಲ್ಲಿ ಪ್ರಕಟಿಸಿದರು. ಮುಂದಿನ ಸಂಶೋಧನೆಗಳು ಅವರ ಮಾತನ್ನು ದೃಢಪಡಿಸಿದವು.

ಇದನ್ನು ಅರಿತರೆ ಎರಡು ಭಯಗಳು ದೂರವಾಗುತ್ತವೆ. ಮೊದಲನೆಯದು ನಾಗದೋಷದ ಭಯ. ಕಲ್ಲುನಾಗರದ ಪೂಜೆಯನ್ನು ಕುರಿತು ಬಸವಣ್ಣನವರು ಏನು ಹೇಳಿದರೆಂಬುದನ್ನು ಬಲ್ಲ ಶರಣರಿಗೆ ಈ ವಿಷಯದಲ್ಲಿ ನಾವು ಹೆಚ್ಚು ಹೇಳಬೇಕಾಗಿಲ್ಲ. ಎರಡನೆಯದು, ಹಾವಿನ ತಲೆಯೂ ಬಾಲವೂ ಕೂಡಿದರೆ ಸಾವು ನಿಶ್ಚಿತವೆಂಬ ಭಯ. ನಮ್ಮ ದೇಹದ ನರಗಳು ಬೆನ್ನುಹುರಿಯಿಂದ ಎಡಕ್ಕೆ ಒಂದು, ಬಲಕ್ಕೆ ಒಂದು ಎಂಬಂತೆ ಜೋಡಿಯಾಗಿ ಹೊರಡುತ್ತವೆ. ಒಂದೊಂದು ನರದ ಸೀಮೆಯೂ ಮೈಯ ನಡುಗೆರೆಯಲ್ಲಿ ಮುಗಿಯುತ್ತದೆ. ವೈರಾಣು ಸಾಮಾನ್ಯವಾಗಿ ಒಂದು ಬದಿಯ ನರದಲ್ಲಿ ಮಾತ್ರ ಇಳಿಯುವುದರಿಂದ ಗುಳ್ಳೆಗಳು ನಡುಗೆರೆಗೆ ಬಂದು ನಿಲ್ಲುತ್ತವೆ, ಸುತ್ತು ಪೂರ್ಣವಾಗುವುದಿಲ್ಲ. ರಕ್ಷಣಾಶಕ್ತಿ ತೀರ ಕುಗ್ಗಿದವರಲ್ಲಿ ಮೈತುಂಬ ಹರಡುವುದುಂಟು. ಅಂಥವರನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸತಕ್ಕದ್ದು.

ಗುರುತಿಸುವ ಬಗೆ

ಗುಳ್ಳೆ ಏಳುವುದಕ್ಕೆ ಒಂದೆರಡು ದಿನ, ಕೆಲವೊಮ್ಮೆ ನಾಲ್ಕೈದು ದಿನ ಮೊದಲೇ ನೋವು ತೊಡಗುತ್ತದೆ. ಮೈಯ ಒಂದೇ ಬದಿಯಲ್ಲಿ ಉರಿ, ಚುಚ್ಚು, ನವೆ, ಜುಮುಗುಡುವಿಕೆ ಕಾಣಿಸಿಕೊಳ್ಳುತ್ತದೆ. ಎದೆಯಲ್ಲಾದರೆ ಹೃದಯದ ನೋವೆಂದೂ, ಹೊಟ್ಟೆಯ ಪಕ್ಕದಲ್ಲಾದರೆ ಮೂತ್ರಪಿಂಡದ ಹರಳೆಂದೂ, ಬೆನ್ನಿನಲ್ಲಾದರೆ ಉಳುಕೆಂದೂ ಭ್ರಮೆ ಹುಟ್ಟುವುದು ಸಹಜ. ಎದೆನೋವನ್ನು ಸರ್ಪಸುತ್ತಿರಬಹುದೆಂದು ಮನೆಯಲ್ಲಿಯೇ ಊಹಿಸಿ ಕೂರುವುದೂ ಅಪಾಯ. ಅದನ್ನು ವೈದ್ಯರೇ ತೀರ್ಮಾನಿಸಬೇಕು.

ಬಳಿಕ ಆ ಜಾಗ ಕೆಂಪಾಗಿ, ಗೊಂಚಲು ಗೊಂಚಲಾಗಿ ನೀರುಗುಳ್ಳೆಗಳು ಏಳುತ್ತವೆ. ಏಳರಿಂದ ಹತ್ತು ದಿನಗಳಲ್ಲಿ ಅವು ಹೊಪ್ಪಳೆಗಟ್ಟುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಮಾಯುತ್ತವೆ. ಯಾವ ಚಿಕಿತ್ಸೆ ಮಾಡಿದರೂ ಮಾಡದಿದ್ದರೂ ಹೆಚ್ಚಿನವರಲ್ಲಿ ಹುಣ್ಣು ಇಷ್ಟು ಕಾಲದಲ್ಲಿ ಮಾಯುತ್ತದೆಂಬುದನ್ನು ಗಮನಿಸಬೇಕು. ಕೆಮ್ಮಣ್ಣಿನಿಂದಲೋ ಮಂತ್ರದಿಂದಲೋ ವಾಸಿಯಾಯಿತೆಂಬ ನಂಬಿಕೆ ಹುಟ್ಟಿದ್ದು ಹೀಗೆ. ಹುಣ್ಣು ಮಾಯುವುದು ದೇಹದ ಧರ್ಮ. ನರಕ್ಕಾದ ಗಾಯವಾದರೋ ಅಷ್ಟು ಸುಲಭವಾಗಿ ಮಾಯುವುದಿಲ್ಲ.

ಎಪ್ಪತ್ತೆರಡು ಗಂಟೆಗಳು

ವೈರಾಣುವಿನ ಬೆಳವಣಿಗೆಯನ್ನು ತಡೆಯುವ ಮಾತ್ರೆಗಳಿವೆ. ಅಸೈಕ್ಲೊವಿರ್, ವಲಸೈಕ್ಲೊವಿರ್, ಫ್ಯಾಮ್‌ಸೈಕ್ಲೊವಿರ್ ಎಂಬುವು ಅವುಗಳ ಹೆಸರು. ಗುಳ್ಳೆ ಕಂಡ 72 ಗಂಟೆಗಳೊಳಗೆ ತೊಡಗಿದರೆ ಅವು ಹೆಚ್ಚು ಫಲ ಕೊಡುತ್ತವೆ. ಸಾಮಾನ್ಯವಾಗಿ ಏಳು ದಿನಗಳ ಕ್ರಮ. ಅಸೈಕ್ಲೊವಿರ್ ಆದರೆ 800 ಮಿಲಿಗ್ರಾಂ ದಿನಕ್ಕೆ ಐದು ಬಾರಿ, ವಲಸೈಕ್ಲೊವಿರ್ ಆದರೆ 1000 ಮಿಲಿಗ್ರಾಂ ದಿನಕ್ಕೆ ಮೂರು ಬಾರಿ ಕೊಡುವುದು ರೂಢಿ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಈ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ. ಆದ್ದರಿಂದ ಔಷಧದ ಅಂಗಡಿಯಲ್ಲಿ ಕೇಳಿ ತಾವೇ ನುಂಗತಕ್ಕದ್ದಲ್ಲ. ಇದೇ ಹೆಸರಿನ ಮುಲಾಮು ಹಚ್ಚಿದರೆ ಸಾಕೆಂದು ಹಲವರು ತಿಳಿದಿದ್ದಾರೆ. ಸರ್ಪಸುತ್ತಿಗೆ ಮುಲಾಮು ಸಾಲದು. ಔಷಧವು ಒಳಗಿನಿಂದಲೇ ಹೋಗಬೇಕು.

ಈ ಮಾತ್ರೆಗಳು ಹೊಸ ಗುಳ್ಳೆ ಏಳುವುದನ್ನು ಬೇಗ ನಿಲ್ಲಿಸುತ್ತವೆ, ಮೊದಲ ವಾರಗಳ ನೋವನ್ನು ತಗ್ಗಿಸುತ್ತವೆ, ಕಣ್ಣಿಗೆ ಆಗಬಹುದಾದ ಹಾನಿಯನ್ನು ಕಡಿಮೆ ಮಾಡುತ್ತವೆ. ಮುಂದೆ ಉಳಿಯುವ ನರಶೂಲೆಯನ್ನು ಖಂಡಿತವಾಗಿ ತಡೆಯುತ್ತವೆಂದು ಹೇಳಲಾಗದು. ಆದರೂ ವೈರಾಣು ನರದೊಳಗೆ ಎಷ್ಟು ಕಡಿಮೆ ದಿನ ಆಡಿತೋ ಅಷ್ಟು ಒಳಿತೆಂಬುದು ವಿವೇಕದ ಮಾತು. ಮೂರು ದಿನ ಕಳೆದುಹೋಗಿದ್ದರೂ ಕೈಚೆಲ್ಲಬೇಕಿಲ್ಲ. ಹೊಸ ಗುಳ್ಳೆಗಳು ಏಳುತ್ತಿದ್ದರೆ, ಮುಖದ ಮೇಲಾಗಿದ್ದರೆ, ರೋಗಿಯ ರಕ್ಷಣಾಶಕ್ತಿ ಕುಂದಿದ್ದರೆ ಆಗಲೂ ಮಾತ್ರೆ ಕೊಡುತ್ತಾರೆ.

ಮುಖದ ಸರ್ಪಸುತ್ತಿನ ವಿಷಯದಲ್ಲಿ ಗಂಟೆಗಳನ್ನೂ ಲೆಕ್ಕ ಹಾಕಬೇಕು. ಹಣೆಯ ಮೇಲೆ, ರೆಪ್ಪೆಯ ಮೇಲೆ, ವಿಶೇಷವಾಗಿ ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಅದು ಕಣ್ಣಿಗೆ ತಗಲುವ ಸೂಚನೆ. ಮೂಗಿನ ತುದಿಗೂ ಕಣ್ಣಿನ ಒಳಭಾಗಕ್ಕೂ ಒಂದೇ ನರದ ಶಾಖೆ ಹೋಗುವುದೇ ಇದಕ್ಕೆ ಕಾರಣ. ಅಂದೇ ನೇತ್ರತಜ್ಞರಲ್ಲಿಗೆ ಹೋಗಬೇಕು. ಕಿವಿಯಲ್ಲಿ ಗುಳ್ಳೆ ಎದ್ದು ಬಾಯಿ ಒಂದು ಬದಿಗೆ ಸೊಟ್ಟಗಾದರೆ, ತಲೆ ತಿರುಗಿದರೆ, ಕಿವಿ ಕೇಳದಾದರೆ ಅದೂ ತುರ್ತುಸ್ಥಿತಿಯೇ.

ಇಲ್ಲೊಂದು ಮಾತನ್ನು ಮರೆಮಾಚದೆ ಹೇಳಬೇಕು. ವೈದ್ಯವೃತ್ತಿಗೆ ಬಂದ ಹೊಸತರಲ್ಲಿ ನಮ್ಮಲ್ಲಿಗೆ ಹಣೆಯಲ್ಲಿಯೂ ಮೂಗಿನ ತುದಿಯಲ್ಲಿಯೂ ಗುಳ್ಳೆಯೆದ್ದ ತಾಯಿಯೊಬ್ಬರು ಬಂದಿದ್ದರು. ಶಾಸ್ತ್ರವನ್ನು ಓದಿದ ಹುಮ್ಮಸ್ಸಿನಲ್ಲಿ ಲೇಪ ಕೊಟ್ಟು, ಕಷಾಯ ಬರೆದು, ಐದು ದಿನ ಬಿಟ್ಟು ಬರಹೇಳಿದೆವು. ಐದು ದಿನಗಳ ಬಳಿಕ ಅವರ ಆ ಕಣ್ಣು ಮಂಜಾಗಿತ್ತು. ಆ ಬಳಿಕ ನೇತ್ರತಜ್ಞರು ಪಟ್ಟ ಶ್ರಮದಿಂದಲೂ ಅದು ಪೂರ್ತಿಯಾಗಿ ತಿಳಿಯಾಗಲಿಲ್ಲ. ಆ ತಾಯಿ ನಮ್ಮನ್ನು ಒಮ್ಮೆಯೂ ದೂರಲಿಲ್ಲ. ಅದೇ ನಮಗೆ ಹೆಚ್ಚು ಭಾರವಾಗಿ ಉಳಿದಿದೆ. ಅಂದಿನಿಂದ ಸರ್ಪಸುತ್ತಿನ ಯಾವ ರೋಗಿಯೇ ಬರಲಿ, ಗುಳ್ಳೆಯೆದ್ದು ಎಷ್ಟು ದಿನವಾಯಿತೆಂಬುದು ನಮ್ಮ ಮೊದಲ ಪ್ರಶ್ನೆ. ಆಸ್ಪತ್ರೆಗೆ ಚೀಟಿ ಬರೆದುಕೊಡುವುದು ನಮ್ಮ ಮೊದಲ ಚಿಕಿತ್ಸೆ.

ಆಯುರ್ವೇದವು ಹೇಳುವುದೇನು?

ಹಾಗಾದರೆ ಆಯುರ್ವೇದದಲ್ಲಿ ಇದಕ್ಕೆ ದಾರಿಯಿಲ್ಲವೇ ಎಂದು ಕೆಲವರು ನೊಂದು ಕೇಳುತ್ತಾರೆ. ಶಾಸ್ತ್ರವನ್ನೇ ತೆರೆದು ನೋಡೋಣ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 21ನೆಯ ಅಧ್ಯಾಯವು ವಿಸರ್ಪ ಚಿಕಿತ್ಸೆಗೆ ಮೀಸಲಾಗಿದೆ. ಆ ಅಧ್ಯಾಯ ತೆರೆದುಕೊಳ್ಳುವುದು ಕೈಲಾಸದಲ್ಲಿ. ಹಾವಿನ ವಿಷದಂತೆ ಮೈಯಲ್ಲಿ ಹರಿಯುವ ಈ ದಾರುಣ ರೋಗವು ಅತಿ ವೇಗದ್ದು, ಚಿಕಿತ್ಸೆ ದೊರೆಯದವರು ಬೇಗನೆ ಅಳಿಯುತ್ತಾರೆ ಎಂದು ಅಗ್ನಿವೇಶನು ಗುರುವಾದ ಆತ್ರೇಯರಲ್ಲಿ ನಿವೇದಿಸಿ, ಪರಿಹಾರವನ್ನು ಬೇಡುತ್ತಾನೆ. ವಿಸರ್ಪವೆಂಬುದು ಹರಡುವ ಹಲವು ಚರ್ಮವ್ಯಾಧಿಗಳನ್ನು ಒಳಗೊಂಡ ಹೆಸರು. ಸರ್ಪಸುತ್ತನ್ನು ಅದರೊಳಗೆ ಗಣಿಸುವವರುಂಟು. ಸುಶ್ರುತರು ಕ್ಷುದ್ರರೋಗಗಳಲ್ಲಿ ಹೇಳಿರುವ ‘ಕಕ್ಷಾ’ ಎಂಬುದು, ತೋಳು, ಪಕ್ಕೆ, ಹೆಗಲು, ಕಂಕುಳಗಳಲ್ಲಿ ಪಿತ್ತದಿಂದ ಏಳುವ ನೋವಿನ ಕಪ್ಪು ಗುಳ್ಳೆ, ಇನ್ನೂ ಹತ್ತಿರದ್ದೆನ್ನುವವರೂ ಉಂಟು. ಹೆಸರು ಯಾವುದಾದರೂ ಇರಲಿ, ವೇಗದ ರೋಗಕ್ಕೆ ವೇಗದ ಚಿಕಿತ್ಸೆ ಬೇಕೆಂಬ ಕಳಕಳಿ ನಮ್ಮ ಶಾಸ್ತ್ರದ್ದೇ. ಕೆಮ್ಮಣ್ಣು ಹಚ್ಚಿ ಒಂಬತ್ತು ದಿನ ಕಾಯುವುದು ಆಯುರ್ವೇದವಲ್ಲ.

ಆಸ್ಪತ್ರೆಯ ಮಾತ್ರೆ ತೊಡಗಿದ ಮೇಲೆ, ಅದರ ಜೊತೆಗೆ ಆಯುರ್ವೇದವು ನೆರವಾಗುತ್ತದೆ. ಮೊದಲ ಹಂತದಲ್ಲಿ ಪಿತ್ತ ಮತ್ತು ರಕ್ತಗಳ ದೂಷಣೆ ಮುಖ್ಯ, ಆದ್ದರಿಂದ ಶೀತೋಪಚಾರ. ಗುಳ್ಳೆಯಲ್ಲಿ ನೀರಿರುವಾಗ ಅದರ ಮೇಲೆ ಮಣ್ಣು, ಎಲೆಯ ರಸ, ಅರಿಶಿನ, ಸುಣ್ಣ ಏನನ್ನೂ ಹಚ್ಚಬಾರದು. ವಿಭೂತಿ ಧರಿಸುವ ಭಕ್ತರು ಹಸಿ ಹುಣ್ಣಿನ ಜಾಗವನ್ನು ಬಿಟ್ಟು ಧರಿಸಿದರೆ ಲೋಪವೇನೂ ಇಲ್ಲ. ಶುದ್ಧವಾದ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹತ್ತಿಬಟ್ಟೆಯನ್ನು ಹದಿನೈದು ಇಪ್ಪತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಹಾಕಿದರೆ ಉರಿ ಇಳಿಯುತ್ತದೆ. ಬಳಸಿದ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಸ್ನಾನವನ್ನು ನಿಲ್ಲಿಸಬೇಕಿಲ್ಲ, ಉಗುರುಬೆಚ್ಚಗಿನ ನೀರಿನಲ್ಲಿ ಮೀಯಬಹುದು, ಉಜ್ಜಬಾರದು. ಗುಳ್ಳೆಯನ್ನು ಒಡೆಯಬಾರದು. ಕೀವು, ದುರ್ಗಂಧ, ಜ್ವರ ಕಂಡರೆ ವೈದ್ಯರಿಗೆ ತೋರಿಸಬೇಕು.

ಹೊಪ್ಪಳೆ ಉದುರಿ ಚರ್ಮ ಕೂಡಿದ ಮೇಲೆ ಶತಧೌತ ಘೃತವನ್ನು ತೆಳುವಾಗಿ ಲೇಪಿಸಬಹುದು. ತಾಮ್ರದ ಪಾತ್ರೆಯಲ್ಲಿ ಹಸುವಿನ ತುಪ್ಪವನ್ನು ನೂರು ಸಲ ನೀರು ಹಾಕಿ ಮಥಿಸಿ ತೊಳೆದಾಗ ಅದು ಬೆಣ್ಣೆಯಂತೆ ಬೆಳ್ಳಗೆ, ನುಣುಪಾಗಿ ಬರುತ್ತದೆ. ಅದು ಉರಿಯುವ ಚರ್ಮಕ್ಕೆ ತಂಪು ನೀಡುತ್ತದೆ. ಒಳಗೆ ಕೊಡುವ ಕಷಾಯ, ಚೂರ್ಣ, ಭಸ್ಮಗಳನ್ನು ವೈದ್ಯರು ರೋಗಿಯ ಬಲವನ್ನು ನೋಡಿ ನಿರ್ಧರಿಸಬೇಕು. ಮೂತ್ರಪಿಂಡ, ಯಕೃತ್ತಿನ ತೊಂದರೆ ಇರುವವರು ಯಾರೋ ಹೇಳಿದರೆಂದು ಏನನ್ನೂ ಕುಡಿಯಬಾರದು. ಆಸ್ಪತ್ರೆಯ ವೈದ್ಯರಿಗೆ ಆಯುರ್ವೇದದ ಔಷಧವನ್ನೂ, ನಮಗೆ ಆಸ್ಪತ್ರೆಯ ಮಾತ್ರೆಗಳನ್ನೂ ತೋರಿಸಿರಿ. ಒಬ್ಬರಿಂದ ಇನ್ನೊಬ್ಬರಿಗೆ ಮುಚ್ಚಿಡುವುದರಿಂದ ಹಾನಿಯಾಗುವುದು ರೋಗಿಗೇ.

ಆಹಾರದಲ್ಲಿ ಗಂಜಿ, ಹೆಸರುಬೇಳೆಯ ತೊವ್ವೆ, ಸೋರೆಕಾಯಿ, ಹೀರೆಕಾಯಿ, ದಾಳಿಂಬೆ ಹಿತವಾದವು. ಕೆಂಪು ಖಾರದ ಚಟ್ನಿ, ಉಪ್ಪಿನಕಾಯಿ, ಅತಿ ಹುಳಿಯನ್ನು ಕೆಲವು ದಿನ ಬಿಡುವುದು ಒಳ್ಳೆಯದು. ಪಥ್ಯದ ಹೆಸರಿನಲ್ಲಿ ಮುದುಕರನ್ನು ಬರಿಹೊಟ್ಟೆಯಲ್ಲಿ ಇರಿಸುವುದು ಸರಿಯಲ್ಲ. ಬಲ ಕುಂದಿದರೆ ರೋಗವೇ ಬಲಿಯುತ್ತದೆ.

ಉಳಿದುಹೋಗುವ ನೋವು

ಹುಣ್ಣು ಮಾಯ್ದು ಮೂರು ತಿಂಗಳಾದರೂ ನೋವು ಉಳಿದರೆ ಅದನ್ನು ಸರ್ಪಸುತ್ತಿನ ನಂತರದ ನರಶೂಲೆ ಎನ್ನುತ್ತಾರೆ. ಸರ್ಪಸುತ್ತು ಆದವರಲ್ಲಿ ನೂರಕ್ಕೆ ಹತ್ತರಿಂದ ಹದಿನೆಂಟು ಮಂದಿಗೆ ಇದು ಉಳಿಯಬಹುದೆಂದು ಅಮೆರಿಕೆಯ ಆರೋಗ್ಯ ಇಲಾಖೆಯ ಅಂದಾಜು. ವಯಸ್ಸು ಏರಿದಂತೆ ಸಂಭವವೂ ಏರುತ್ತದೆ. ವೈರಾಣುವಿನಿಂದ ಗಾಯಗೊಂಡ ನರವು ಗಾಳಿಯ ಸುಳಿವನ್ನೂ ಬಟ್ಟೆಯ ಸ್ಪರ್ಶವನ್ನೂ ಬೆಂಕಿಯೆಂದು ಮೆದುಳಿಗೆ ತಪ್ಪು ಸುದ್ದಿ ಕಳಿಸುತ್ತದೆ. ಹೊರಗೆ ಏನೂ ಕಾಣದ ಕಾರಣ ಮನೆಯವರು “ಎಲ್ಲ ವಾಸಿಯಾಗ್ಯದ, ಸುಮ್ಮನ ನರಳ್ತಾರ” ಎನ್ನುವುದನ್ನು ನಾವು ಕೇಳಿದ್ದೇವೆ. ಆ ಮಾತು ನೋವಿಗಿಂತ ಹೆಚ್ಚು ಸುಡುತ್ತದೆ. ನೋವು ನಿಜವಾದದ್ದು. ನಿದ್ದೆಗೆಟ್ಟು, ಊಟ ಸೇರದೆ, ಬದುಕೇ ಬೇಡವೆನ್ನುವ ಹಿರಿಯರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಸಾಮಾನ್ಯ ನೋವಿನ ಮಾತ್ರೆಗಳು ಇಲ್ಲಿ ಅಷ್ಟಾಗಿ ನಾಟುವುದಿಲ್ಲ. ಅವನ್ನು ತಿಂಗಳುಗಟ್ಟಲೆ ನುಂಗಿ ಮೂತ್ರಪಿಂಡ ಕೆಡಿಸಿಕೊಂಡವರೂ ಇದ್ದಾರೆ. ನರದ ನೋವಿಗೆಂದೇ ಬೇರೆ ಔಷಧಗಳಿವೆ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ರಾತ್ರಿ ಅಲ್ಪ ಪ್ರಮಾಣದಲ್ಲಿ ಕೊಡುವ ಅಮಿಟ್ರಿಪ್ಟಿಲಿನ್ ಅಥವಾ ನಾರ್‌ಟ್ರಿಪ್ಟಿಲಿನ್ ಅವುಗಳಲ್ಲಿ ಮುಖ್ಯವಾದವು. ಸಣ್ಣ ಪ್ರಮಾಣದಿಂದ ತೊಡಗಿ ನಿಧಾನವಾಗಿ ಏರಿಸುತ್ತಾರೆ; ಫಲ ಕಾಣಲು ವಾರಗಳು ಬೇಕು. ಮೊದಲ ದಿನಗಳಲ್ಲಿ ಮಂಪರು, ತಲೆತಿರುಗು ಬರುವುದರಿಂದ ಹಿರಿಯರು ರಾತ್ರಿ ಎದ್ದು ನಡೆಯುವಾಗ ಬೀಳದಂತೆ ನೋಡಿಕೊಳ್ಳಬೇಕು. ಹೃದ್ರೋಗ, ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇದ್ದರೆ ಮೊದಲೇ ತಿಳಿಸಬೇಕು. ನೋವು ತಗ್ಗಿತೆಂದು ಒಮ್ಮೆಲೆ ನಿಲ್ಲಿಸಬಾರದು.

ಲಿಡೊಕೇಯ್ನ್ ಪಟ್ಟಿ ಅಥವಾ ಮುಲಾಮು ಚರ್ಮವನ್ನು ಜಡಗೊಳಿಸಿ ಹಾಯೆನಿಸುತ್ತದೆ. ಮೆಣಸಿನಕಾಯಿಯ ಖಾರದ ಸತ್ವವಾದ ಕ್ಯಾಪ್ಸೇಸಿನ್‌ನಿಂದ ಮಾಡಿದ ಮುಲಾಮೂ ಬಳಕೆಯಲ್ಲಿದೆ. ಅದು ಮೊದಲು ಉರಿಸಿ, ಬಳಿಕ ನರದ ಅರಿವನ್ನು ಮಂದಗೊಳಿಸುತ್ತದೆ. ಹಾಗೆಂದು ಮನೆಯ ಮೆಣಸಿನಕಾಯಿ ಅರೆದು ಹಚ್ಚಿ ಮೈ ಸುಟ್ಟುಕೊಳ್ಳಬಾರದು. ಇವೆರಡನ್ನೂ ಪೂರ್ತಿ ಮಾಯ್ದ ಚರ್ಮದ ಮೇಲೆ ಮಾತ್ರ ಬಳಸತಕ್ಕದ್ದು.

ಆಯುರ್ವೇದದ ನೋಟದಲ್ಲಿ ಈ ಹಂತ ವಾತದ್ದು. ಇಲ್ಲಿ ಉಪಚಾರದ ದಿಕ್ಕೇ ಬದಲಾಗುತ್ತದೆ; ತಂಪಿನ ಬದಲು ಸ್ನಿಗ್ಧತೆ ಮತ್ತು ಹಿತವಾದ ಬಿಸುಪು. ಕ್ಷೀರಬಲಾ ತೈಲವನ್ನು ಉಗುರುಬೆಚ್ಚಗೆ ಮಾಡಿ, ತಿಕ್ಕದೆ, ಅಂಗೈಯಿಂದ ಮೆಲ್ಲಗೆ ಸವರುವುದರಿಂದ ಹಲವರಿಗೆ ಹಿತವೆನಿಸುವುದನ್ನು ನಾವು ನೋಡಿದ್ದೇವೆ. ಸ್ಪರ್ಶವೇ ತಾಳದವರಿಗೆ ಅದನ್ನೂ ಒತ್ತಾಯಿಸಬಾರದು. ಬಿಸಿಬಿಸಿ ಊಟ, ತುಪ್ಪ, ಹಾಲು, ಹೊತ್ತಿಗೆ ಸರಿಯಾದ ನಿದ್ದೆ ಇವು ಪಥ್ಯ. ತೈಲವು ಮಾತ್ರೆಗೆ ಬದಲಿಯಲ್ಲ, ಜೊತೆಗಾರ.

ಸೂತಕವಿಲ್ಲ, ಎಚ್ಚರವಿರಲಿ

ರೋಗಿಯನ್ನು ಮೂಲೆಯಲ್ಲಿ ಕೂರಿಸಿ, ಪೂಜೆ ಪ್ರಸಾದದಿಂದ ದೂರವಿಡುವ ಮನೆಗಳನ್ನು ಕಂಡಿದ್ದೇವೆ. ಪಂಚಸೂತಕಗಳನ್ನೇ ಕಳೆದ ಶರಣಧರ್ಮದಲ್ಲಿ ರೋಗಕ್ಕೆಲ್ಲಿಯ ಸೂತಕ? ಸರ್ಪಸುತ್ತಿನವರು ನಿಶ್ಚಿಂತೆಯಿಂದ ಇಷ್ಟಲಿಂಗ ಪೂಜೆ ಮಾಡಿಕೊಳ್ಳಬಹುದು. ಎದೆಯ ಮೇಲೆ ಗುಳ್ಳೆಯಿದ್ದರೆ ಕರಡಿಗೆಯೂ ಶಿವದಾರವೂ ಹುಣ್ಣಿಗೆ ಉಜ್ಜದಂತೆ ನಡುವೆ ತೆಳುವಾದ ಹತ್ತಿಬಟ್ಟೆ ಇಟ್ಟುಕೊಂಡರೆ ಸಾಕು.

ಆದರೆ ಒಂದು ಎಚ್ಚರ ಬೇಕು. ಗುಳ್ಳೆಯ ನೀರಿನಲ್ಲಿ ವೈರಾಣು ಇರುತ್ತದೆ. ಹಿಂದೆ ಸೀತಾಳೆ ಸಿಡುಬು ಆಗದವರಿಗೂ ಅದರ ಲಸಿಕೆ ಪಡೆಯದವರಿಗೂ ಅದು ತಗುಲಿದರೆ ಸರ್ಪಸುತ್ತು ಬರುವುದಿಲ್ಲ, ಸಿಡುಬು ಬರುತ್ತದೆ. ಆದ್ದರಿಂದ ಹೊಪ್ಪಳೆಗಟ್ಟುವವರೆಗೆ ಗುಳ್ಳೆಗಳನ್ನು ಬಟ್ಟೆಯಿಂದ ಮುಚ್ಚಬೇಕು, ಕೈ ತೊಳೆಯುತ್ತಿರಬೇಕು, ಟವೆಲ್ ಹಂಚಿಕೊಳ್ಳಬಾರದು. ಗರ್ಭಿಣಿಯರು, ಎಳೆಗೂಸುಗಳು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇವರಿಂದ ಅಷ್ಟು ದಿನ ಅಂತರವಿರಲಿ. ಪ್ರಸಾದನಿಲಯದ ಮಕ್ಕಳ ನಡುವೆ ಕೆಲಸ ಮಾಡುವವರಿಗೆ ಗುಳ್ಳೆಯೆದ್ದರೆ, ಅವು ಒಣಗುವವರೆಗೆ ಬೇರೆ ಸೇವೆ ವಹಿಸುವುದು ಒಳಿತು.

ಬಾರದಂತೆ ತಡೆ

ನರಶೂಲೆಯನ್ನು ತಪ್ಪಿಸಲು ಇರುವ ಗಟ್ಟಿ ದಾರಿಯೆಂದರೆ ಸರ್ಪಸುತ್ತೇ ಬಾರದಂತೆ ನೋಡಿಕೊಳ್ಳುವುದು. ಶಿಂಗ್ರಿಕ್ಸ್ ಎಂಬ ಲಸಿಕೆ 2023ರಿಂದ ಭಾರತದಲ್ಲಿಯೂ ದೊರೆಯುತ್ತಿದೆ. 50 ವರ್ಷ ದಾಟಿದವರಿಗೆ ತೋಳಿನ ಸ್ನಾಯುವಿಗೆ, ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಬಾರಿ ಕೊಡುತ್ತಾರೆ. ದೊಡ್ಡ ಪರೀಕ್ಷೆಗಳಲ್ಲಿ ಇದು ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ರಕ್ಷಣೆ ನೀಡಿತು. ಎಪ್ಪತ್ತು ದಾಟಿದವರಲ್ಲಿಯೂ ಆ ಮಟ್ಟ ಕುಗ್ಗಲಿಲ್ಲ. ಇದರಲ್ಲಿ ಜೀವಂತ ವೈರಾಣು ಇಲ್ಲ. ಎರಡು ಮೂರು ದಿನ ತೋಳು ನೋವು, ಮೈಕೈ ನೋವು, ಜ್ವರ ಬರಬಹುದು. ಒಮ್ಮೆ ಸರ್ಪಸುತ್ತು ಬಂದು ಗುಣವಾದವರೂ ಪಡೆಯಬಹುದು. ಬೆಲೆ ಹೆಚ್ಚೆಂಬುದು ನಿಜ. ಎಲ್ಲರ ಕೈಗೆ ಎಟುಕದು. ಆದರೆ ತಂದೆತಾಯಿಗಳ ಹೆಸರಿನಲ್ಲಿ ಸಮಾರಂಭಗಳಿಗೆ ವೆಚ್ಚ ಮಾಡುವ ಮಕ್ಕಳು ಇದನ್ನೊಮ್ಮೆ ಯೋಚಿಸಿದರೆ ಅದೂ ಸೇವೆಯೇ. ಲಸಿಕೆ ಕೊಳ್ಳಲಾಗದವರು ಈ ಲೇಖನದ ಒಂದು ಮಾತನ್ನು ನೆನಪಿಟ್ಟರೂ ಸಾಕು: ಮೈಯ ಒಂದು ಬದಿಯಲ್ಲಿ ಉರಿಯೊಡನೆ ಗುಳ್ಳೆ ಕಂಡರೆ, ಅಂದೇ ಆಸ್ಪತ್ರೆಗೆ.

ಮೊದಲು ಹೇಳಿದ ಹಿರಿಯರು ಕಳೆದ ವಾರ ಮತ್ತೆ ಬಂದಿದ್ದರು. ನಾವು ಚೀಟಿ ಕೊಟ್ಟು ಕಳಿಸಿದ ಆಸ್ಪತ್ರೆಯ ಮಾತ್ರೆಯೂ ನಮ್ಮ ತೈಲವೂ ನಡೆದಿವೆ. ನೋವು ಪೂರ್ತಿ ಹೋಗಿಲ್ಲ. ಹೋಗುತ್ತದೆಂದು ನಾವು ಮಾತು ಕೊಟ್ಟೂ ಇಲ್ಲ. ಆದರೆ ರಾತ್ರಿ ನಾಲ್ಕೈದು ತಾಸು ನಿದ್ದೆ ಬರುತ್ತಿದೆಯಂತೆ. ಅಂಗಿಯನ್ನು ಎತ್ತಿ ಹಿಡಿಯದೆ ನಡೆದು ಬಂದರು. ಮಡಿಸಿದ ಹತ್ತಿಬಟ್ಟೆಯೊಂದನ್ನು ಶಿವದಾರದ ಕೆಳಗೆ ಇರಿಸಿಕೊಂಡು, ಬೆಳಗಿನ ಪೂಜೆಗೆ ಮತ್ತೆ ಕೂರುತ್ತಿದ್ದೇನೆ ಎಂದರು.